ಹಳದಿ ದೀಪದ ಬರಾತ್

ಆ ದಿನ ಬೆಳಿಗ್ಗೆ ಕಲಬುರಗಿಯ ಮೇಲೆ ಮೋಡ ಕವಿದಿತ್ತು. ಮಿರಗದ ಮಳೆಗೆ, ಅಂದರೆ ಮೃಗಶಿರಾ ಮಳೆಗೆ, ಇನ್ನೂ ದಿನ ಬಾಕಿ ಇದ್ದವು. ಗಾಳಿಯಿಲ್ಲ, ಹನಿಯಿಲ್ಲ, ಬಿಸಿಲೂ ಇಲ್ಲ. ಅನ್ನದ ಗಡಿಗೆಯ ಮೇಲೆ ತಾಟು ಮುಚ್ಚಿದ ಹಾಗೆ ಆಕಾಶ ಊರಿನ ಮೇಲೆ ಕೂತಿತ್ತು. ಒಳಗಿದ್ದವರು ಸಣ್ಣ ಉರಿಯಲ್ಲಿ ಬೇಯುತ್ತಿದ್ದರು. ಬ್ರಹ್ಮಪುರದ ಓಣಿಯಲ್ಲಿ ಹಲ್ಲುಜ್ಜುತ್ತ ನಿಂತವರು ಮೇಲೆ ನೋಡಿ "ಇವತ್ತು ಬರ್ತದ" ಅಂದರು. ಬಾಯಿ ಮುಕ್ಕಳಿಸಿದ ಮೇಲೆ ಅವರೇ "ಬರೂದಿಲ್ಲ" ಅಂದರು. ಮಳೆಯ ವಿಷಯದಲ್ಲಿ ಭಗವಂತ ಯಾರ ಸಲಹೆಯನ್ನೂ ಕೇಳುವುದಿಲ್ಲ. ಹಾಗಂತ ಸಲಹೆ ಕೊಡುವುದನ್ನು ಬ್ರಹ್ಮಪುರ ಇಂದಿಗೂ ಬಿಟ್ಟಿಲ್ಲ.

ಆ ಮೋಡದ ಕೆಳಗೆ ಒಂದು ಡೀಸೆಲ್ ಪಿಕಪ್ ಗಾಡಿ ನಿಂತಿತ್ತು. ಹಿಂದಿನ ತೊಟ್ಟಿಯಲ್ಲಿ ಗಾದಿ ಹಾಸಿ, ಗಾದಿಯ ಮೇಲೆ ಒಂದು ಇಡೀ ಬರಾತ್, ಮದುಮಗನ ಕಡೆಯ ದಿಬ್ಬಣ, ಕೂತಿತ್ತು. ಮುಂದಿನ ಸೀಟಿನಲ್ಲಿ ಮುಖದ ಮೇಲೆ ಹೂವಿನ ಸೆಹರಾ ಇಳಿಬಿಟ್ಟುಕೊಂಡು ಮದುಮಗ ಕೂತಿದ್ದ. ಗಾಡಿಯ ಮಾಲೀಕ, ಚಾಲಕ ಎರಡೂ ಆದ ವಾಸುದೇವರಾಯರು ಕೀಲಿ ತಿರುಗಿಸಿದರು. ಇಂಜಿನ್ ಸೊಗಸಾಗಿ ಗುರುಗುಟ್ಟಿತು. ರಾಯರು ಮುಂದಿನ ಫಲಕ ನೋಡಿದವರೇ ಎದೆ ಹಿಡಿದುಕೊಂಡರು.

"ಸಾವಿತ್ರೀ! ಘಾತ ಆತು! ದೀಪ ಆರಿ ಹೋಗ್ಯಾದ!"

ಈ ದೀಪದ ಕಥೆ ಹೇಳದೆ ಮುಂದೆ ಹೋದರೆ ನನಗೂ ಗಾಡಿಗೂ ಇಬ್ಬರಿಗೂ ಒಳ್ಳೆಯದಾಗದು.

ವಾಸುದೇವರಾಯರು ಕರೆಂಟ್ ಆಫೀಸಿನಲ್ಲಿ ಮೀಟರ್ ಓದುವ ಕೆಲಸ ಮಾಡಿ, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡವರು. ಮೀಟರಿನ ಗಾಜಿನ ಈಚೆ ಇರುವುದೆಲ್ಲ ಅವರಿಗೆ ಬಾಯಿಪಾಠ. ಗಾಜಿನ ಆಚೆ ಇರುವುದನ್ನು ದೇವರಿಗೆ ಬಿಟ್ಟಿದ್ದರು. ಆದರೆ ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಸದಾ ಒಂದು ಟೆಸ್ಟರ್ ಇರುತ್ತಿತ್ತು. ಆ ಟೆಸ್ಟರಿನ ದೆಸೆಯಿಂದ ಇಡೀ ಬ್ರಹ್ಮಪುರ ಅವರನ್ನು ಇಂಜಿನಿಯರ್ ಎಂದು ನಂಬಿತ್ತು. ನಂಬಿದವರನ್ನು ನಿರಾಶೆ ಮಾಡುವುದು ಪಾಪ ಎಂದು ರಾಯರೂ ನಂಬಿದ್ದರು.

ನಿವೃತ್ತಿಯ ನಂತರ ಅವರು ಹೊಸ ಪಿಕಪ್ ಕೊಂಡರು. ಕಮಲಾಪುರದ ತೋಟಗಳಿಂದ ಕೆಂಪು ಬಾಳೆಹಣ್ಣು ಕಲಬುರಗಿಯ ಮಾರುಕಟ್ಟೆಗೆ ತರುವ ಉದ್ಯೋಗ. ಗಾಡಿ ಮನೆಗೆ ಬಂದ ದಿನ ರಾಯರ ಚಿಕ್ಕಮ್ಮ, ಎಲ್ಲರಿಗೂ ಕಾಕು ಆದ ಮುಕ್ತಾಬಾಯಿ ಪೂಜೆಗೆ ನಿಂತರು. ಗಾಲಿಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಎದುರಿಗೆ ತೆಂಗಿನಕಾಯಿ, ಇದೆಲ್ಲ ಎಲ್ಲರೂ ಮಾಡುವುದೇ. ಆದರೆ ಕಾಕುವಿನ ಭಕ್ತಿ ಸೂಕ್ಷ್ಮವಾದದ್ದು.

"ವಾಸೂ, ನಸುಕಿನ್ಯಾಗ ಎದ್ದು ಭೂಮಿಗೆ ಕಾಲಿಡೂ ಮುಂದ ನಾವು ಕ್ಷಮಾ ಕೇಳ್ತೀವಿಲ್ಲೋ?"

"ಕೇಳ್ತೀವಿ ಕಾಕು."

"ಮತ್ತ ಈ ಗಾಡಿಯೊಳಗ ನೀ ದಿನಾ ಯಾವುದನ್ನ ತುಳೀತಿ?"

ರಾಯರು ಯೋಚಿಸಿ ವೇಗದ ಪೆಡಲನ್ನು ತೋರಿಸಿದರು.

"ಹಂಗಾದ್ರ ಮೊದಲ ಪೂಜಾ ಅದಕ್ಕ" ಎಂದು ಕಾಕು ಪಂಚಾಮೃತದ ಬಟ್ಟಲು ಹಿಡಿದು ಬಗ್ಗಿದರು.

ರಾಯರ ಹೆಂಡತಿ ಸಾವಿತ್ರೀಬಾಯಿ ಬಾಗಿಲಲ್ಲೇ ನಿಂತು, "ಕಾಕು, ಅದರ ಬೆನ್ನಿಗೆ ವಾಯರ್ ಅದಾವ್ರೀ" ಎಂದರು. ಆಗ ಓಣಿಯ ಹತ್ತಾರು ಜನ ರಾಯರ ಮುಖ ನೋಡುತ್ತಿದ್ದರು. ಕಿಸೆಯ ಟೆಸ್ಟರನ್ನು ಒಮ್ಮೆ ಮುಟ್ಟಿಕೊಂಡು ರಾಯರು ಹೇಳಿದರು: "ಅದಕ್ಕ ಸೆನ್ಸರ್ ಅಂತಾರ. ಸೆನ್ಸರಿಗೆ ತಂಪು ಆದಷ್ಟೂ ಛಲೋ. ಹಾಕ್ರಿ ಕಾಕು, ಧಾರಾಳ ಹಾಕ್ರಿ."

ಕಾಕು ಧಾರಾಳ ಹಾಕಿದರು. ಹಾಲು, ಮೊಸರು, ತುಪ್ಪ, ಸಕ್ಕರೆ, ಮತ್ತು ಜೇನುತುಪ್ಪ.

ಕೆಲವು ದಿನ ಕಳೆದ ಮೇಲೆ, ಏಕಾದಶಿಯ ಬೆಳಿಗ್ಗೆ, ಫಲಕದಲ್ಲಿ ಒಂದು ಹಳದಿ ದೀಪ ಹೊತ್ತಿಕೊಂಡಿತು. ಅದರಲ್ಲೊಂದು ಸಣ್ಣ ಚಿತ್ರ. ಕಾಕು ಕನ್ನಡಕ ಏರಿಸಿ ನೋಡಿ, "ಕಮಂಡಲು!" ಎಂದು ಕೈ ಮುಗಿದರು. ಪಕ್ಕದ ಮನೆಯ ಫಕ್ರುದ್ದೀನ್, ಗಾದಿ ಹೊಲಿಯುವ ಅಂಗಡಿಯವರು, ಬಗ್ಗಿ ನೋಡಿ, "ಅಲ್ಲ ಕಾಕು, ನಮಾಜಿಗೆ ವಜೂ ಮಾಡೂ ಬದ್ನಾ ಇದು, ನೋಡ್ರಿ ಮೂತಿ" ಎಂದರು. ಇಬ್ಬರಿಗೂ ನೀರಿನ ಪಾತ್ರೆಯೇ ಕಂಡಿತು. ಅದು ಇಂಜಿನ್ನಿನ ಚಿತ್ರ ಎಂದು ಕಂಡವರು ಯಾರೂ ಇಲ್ಲ.

"ಏನ್ ದೀಪ ಭಾಯಿ ಇದು?" ಎಂದು ಫಕ್ರುದ್ದೀನ್ ಕೇಳಿದರು.

ಗೊತ್ತಿಲ್ಲ ಎಂಬ ಮಾತು ರಾಯರ ಗಂಟಲ ತನಕ ಬಂದಿತ್ತು. ಅಲ್ಲಿಂದ ಮೇಲಕ್ಕೆ ಅದಕ್ಕೆ ದಾರಿ ಸಿಗಲಿಲ್ಲ. "ಸೆನ್ಸರ್ ಕೆಲಸ ಮಾಡಾಕತ್ತದ ಅಂತ ತೋರಸೂ ದೀಪ. ಶುರುವಿಗೆ ಹತ್ತೂದಿಲ್ಲ. ಗಾಡಿ ಮನಿಗೆ ಹೊಂದಿಕೊಂಡ ಮ್ಯಾಲೆ ಹತ್ತತದ" ಎಂದರು.

ದೀಪ ಹೊತ್ತಿದಾಗಿನಿಂದ ಗಾಡಿ ಎತ್ತಿನ ಬಂಡಿಯ ವೇಗಕ್ಕೆ ಇಳಿದಿತ್ತು. ಪೆಡಲ್ ಎಷ್ಟು ಒತ್ತಿದರೂ ಗಂಭೀರವಾಗಿ, ಗಂಡನ ಮನೆಗೆ ಹೊರಟ ಹೆಣ್ಣುಮಗಳ ಹಾಗೆ ನಡೆಯುತ್ತಿತ್ತು. ರಾಯರು ಅದನ್ನು ಗಾಡಿಯ ಮರ್ಯಾದೆ ಎಂದು ತಿಳಿದರು. ಕಾಕು ಅದನ್ನು ನಂದಾದೀಪ ಎಂದು ಕರೆದು ದಿನಾ ಸಂಜೆ ಕೈ ಮುಗಿಯಲು ಬಂದರು. ಹೀಗೆ ಒಂದು ಕೆಟ್ಟ ದೀಪ ಒಳ್ಳೆಯ ಮನೆಯಲ್ಲಿ ದೇವರಾಗಿ ಕೂತಿತು.

ಈಗ ಆ ದಿನದ ಬೆಳಗಿಗೆ ಬರೋಣ.

ಫಕ್ರುದ್ದೀನರ ಮಗ ಗುಲಾಮ್ ರಸೂಲನ ನಿಕಾಹ್ ಕಮಲಾಪುರದಲ್ಲಿತ್ತು. ಮದುವೆಯ ಸುಗ್ಗಿ, ಊರಿನ ಜೀಪು, ಬಸ್ಸು ಎಲ್ಲವೂ ಯಾರದೋ ಮದುವೆಗೆ ಹೊರಟುಹೋಗಿದ್ದವು. ವಾಸುದೇವರಾಯರು ತಾವಾಗಿಯೇ ಎದೆ ತಟ್ಟಿ, "ನನ್ನ ಗಾಡಿ ಅದಲಾ!" ಎಂದು ಮಾತು ಕೊಟ್ಟಿದ್ದರು. ಹುಡುಗಿ ಜಾಹೇದಾಳನ್ನು ಸಾಕಿದವರು ಅವಳ ಸೋದರಮಾವ ನಬಿಸಾಬ್. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಮನುಷ್ಯ. ನಿಶ್ಚಿತಾರ್ಥದ ದಿನ ಫಕ್ರುದ್ದೀನರ ಕಡೆಯವರು ಗಾಡಿ ಪಂಕ್ಚರ್ ಆಗಿ ಊಟ ಆರಿದ ಮೇಲೆ ಬಂದಿದ್ದರು. ನಬಿಸಾಬ್ ಅವತ್ತು ಎದ್ದು ನಿಂತು ಹೇಳಿದ್ದು ಇಷ್ಟೇ:

"ಒಮ್ಮೆ ಲೇಟ್ ಆದ್ರ ಸಿಗ್ನಲ್ ತಪ್ಪು ಅಂತೀನಿ. ಎರಡನೇ ಸಲ ಆದ್ರ ಡ್ರೈವರ್ ತಪ್ಪು. ಖಾಜಿಸಾಬ್ರಿಗೆ ಮುಂದ ಇನ್ನೊಂದು ಊರಾಗ ನಿಕಾಹ್ ಅದ. ಮಧ್ಯಾನದ ಜೋಹರ್ ಅಜಾನಿಗೆ ಮೊದಲ ನೀವು ಬರದಿದ್ರ ಅವರೂ ಹೋಗ್ತಾರ, ಈ ಸಂಬಂಧಾನೂ ಹೋಗ್ತದ."

ಇದು ಬರಾತಿನ ಎಲ್ಲರಿಗೂ ಗೊತ್ತಿತ್ತು. ಗುಲಾಮ್ ರಸೂಲನಿಗಂತೂ ರಾತ್ರಿಯೆಲ್ಲ ಗೊತ್ತಿತ್ತು. ಆದ್ದರಿಂದ ಎಲ್ಲರೂ ಬೆಳಿಗ್ಗೆಯೇ ಹತ್ತಿ ಕೂತಿದ್ದರು. ಫಕ್ರುದ್ದೀನರ ತಾಯಿ ಹಲೀಮಾಬಿ ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ಸಾವಿತ್ರೀಬಾಯಿ ನೆರೆಯವರ ಮದುವೆಗೆಂದು ಇಳಕಲ್ಲ ಸೀರೆ ಉಟ್ಟು ಬಂದಿದ್ದರು. ಮುಕ್ತಾಬಾಯಿ ಆ ಹಳದಿ ದೀಪಕ್ಕೆ ಜೊತೆಯಾಗಿ ಬಂದಿದ್ದರು.

ಅಂಥ ದಿನ ದೀಪ ಆರಿತ್ತು.

"ಅಪಶಕುನ ವಾಸೂ! ದೀಪ ಇಲ್ಲದ ಗಾಡಿ ಹೊಸ್ತಿಲ ದಾಟಬಾರದು" ಎಂದು ಕಾಕು ತೊಟ್ಟಿಯಿಂದ ಕೂಗಿದರು.

ಸೆಹರಾದ ಮಲ್ಲಿಗೆಯ ಹಿಂದಿನಿಂದ ಮದುಮಗನ ದನಿ ಬಂತು: "ಕಾಕಾ, ಗಾಡಿ ಛಲೋ ಓಡಾಕತ್ತದಲಾ. ಹೋಗೋಣ್ರಿ."

"ನಿನಗ ತಿಳಿಯೂದಿಲ್ಲ ರಸೂಲ್. ದೀಪ ಆರ್ಯಾದ ಅಂದ್ರ ಸೆನ್ಸರ್ ನಿಂತದ. ಸೆನ್ಸರ್ ನಿಂತ್ರ ಹಾದ್ಯಾಗ ಎಲ್ಲಿ ಬೇಕಾದಲ್ಲಿ ಗಾಡಿ ನಿಲ್ಲತದ. ನಿಕಾಹಿನ ಜವಾಬ್ದಾರಿ ನಂದು. ಮೊದಲ ಸರ್ವಿಸ್ ಸೆಂಟರ್!"

ಹೀಗೆ, ತಿಂಗಳಲ್ಲಿ ಎಂದೂ ಇಲ್ಲದಷ್ಟು ಆರೋಗ್ಯವಾಗಿದ್ದ ಗಾಡಿಯನ್ನು, ಮದುಮಗನ ಸಮೇತ, ಆಸ್ಪತ್ರೆಗೆ ಒಯ್ಯಲಾಯಿತು.

ಸರ್ವಿಸ್ ಸೆಂಟರಿನಲ್ಲಿ ಟೈ ಕಟ್ಟಿದ ಸೂಪರ್ವೈಸರ್ ಬಂಡು ಆಗಷ್ಟೇ ಬಾಗಿಲು ತೆಗೆದಿದ್ದ.

"ಏನ್ ಕಂಪ್ಲೇಂಟ್ರಿ?"

"ಹಳದಿ ದೀಪ ಆರಿ ಹೋಗ್ಯಾದ."

ಬಂಡು ರಾಯರ ಮುಖ ನೋಡಿದ. "ಆರ್ಯಾದ ಅಂತ ಕಂಪ್ಲೇಂಟೇನ್ರಿ?"

"ಹೌದ್ರಿ. ನಿನ್ನಿ ತನಕ ಭಾಳ ಛಂದ ಉರೀತಿತ್ತು."

"ನಿನ್ನಿ ತನಕ ಉರೀತಿತ್ತು? ಮತ್ತ ನಿನ್ನಿ ತನಕ ಯಾಕ ಬರಲಿಲ್ಲರೀ?"

"ಉರೀತಿತ್ತಲಾ, ಯಾಕ ಬರಬೇಕು?"

ಬಂಡು ತಲೆಗೆ ಕೈ ಹಚ್ಚಿಕೊಂಡ. ಹಳದಿ ದೀಪ ಆರಿಸಿಕೊಡಿ ಎಂದು ಅತ್ತವರನ್ನು ಅವನು ಕಂಡಿದ್ದ. ಹಚ್ಚಿಕೊಡಿ ಎಂದು ಬರಾತ್ ಕಟ್ಟಿಕೊಂಡು ಬಂದವರನ್ನು ಕಂಡಿರಲಿಲ್ಲ. "ಸರ್, ಆ ದೀಪ ಹತ್ತಿದ್ರ ತೊಂದರಿ ಅದ ಅಂತ ಅರ್ಥ. ಆರಿದ್ರ ಆರಾಮ ಅದ ಅಂತ ಅರ್ಥ."

ರಾಯರು ನಕ್ಕರು. ತೊಟ್ಟಿಯಲ್ಲಿದ್ದವರೂ ರಾಯರನ್ನು ನೋಡಿ ನಕ್ಕರು.

"ತಮ್ಮಾ, ನನ್ನ ಜನ್ಮ ಎಲ್ಲಾ ಕರೆಂಟ್ ಆಫೀಸಿನ್ಯಾಗ ಹೋಗ್ಯಾದ. ದೀಪ ಆರಿದ್ರ ಜನ ಫೋನ್ ಮಾಡಿ ಬೈತಾರ. ದೀಪ ಹತ್ಯಾದ ಅಂತ ಇವತ್ತಿನ ತನಕ ಒಬ್ಬರೂ ಫೋನ್ ಮಾಡಿ ಬೈದಿಲ್ಲ. ಮತ್ತ ತೊಂದರಿ ಯಾವುದು?"

"ಬರೋಬರ್!" ಎಂದು ತೊಟ್ಟಿಯಿಂದ ಏಕಕಂಠದಲ್ಲಿ ಅನುಮೋದನೆ ಬಂತು. ಹಲೀಮಾಬಿಯಂತೂ, "ಟೈ ಕಟ್ಟಿದ್ರ ಅಕಲ್ ಬರ್ತದೇನು?" ಎಂದು ತಮ್ಮ ಪಕ್ಕದವರನ್ನು ಕೇಳಿದರು, ಬಂಡುವಿಗೆ ಕೇಳುವ ಹಾಗೆ.

ಬಂಡು ಸೋತು ಒಂದು ಯಂತ್ರ ತಂದು ಗಾಡಿಗೆ ವಾಯರ್ ಚುಚ್ಚಿದ. ಯಂತ್ರದ ಪರದೆಯಲ್ಲಿ ಅಕ್ಷರ ಓಡಿದವು. "ನೋಡ್ರಿ, ಹಳೇ ಫಾಲ್ಟ್ ಮೆಮರಿಯೊಳಗ ಕುಂತದ. ಪೆಡಲಿನ ಸೆನ್ಸರ್. ಬಂದು ಬಂದು ಹೋಗ್ತದ. ಸದ್ಯಕ್ಕ ಇಲ್ಲ. ಮೆಮರಿ ಅಳಸ್ತೀನಿ, ನಾಳಿ ಗಾಡಿ ಬಿಟ್ಟು ಹೋಗ್ರಿ, ಪೆಡಲಿನ ಕೆಳಗ ಬಿಚ್ಚಿ ನೋಡ್ತೀನಿ" ಎಂದು ಒಂದು ಗುಂಡಿ ಒತ್ತಿದ.

"ಏನ್ ಅಳಿಸಿದಿ?" ಕಾಕು ತೊಟ್ಟಿಯ ಅಂಚಿಗೆ ಬಂದರು.

"ನೆನಪು, ಅಜ್ಜೀ. ಗಾಡಿ ನೆನಪು."

"ಅಯ್ಯೋ ಪಾಂಡುರಂಗಾ! ನಾ ಮಾಡಿದ ಪೂಜಾನೂ ಮರತುಬಿಡ್ತಲ್ಲೋ!"

ಆ ಗಲಾಟೆಯಲ್ಲಿ ಬಂಡುವಿನ ಮಾತಿನಲ್ಲಿದ್ದ ಅಸಲಿ ಅಂಶ ಯಾರ ಕಿವಿಗೂ ಬೀಳಲಿಲ್ಲ. ಸಾವಿತ್ರೀಬಾಯಿಯ ಕಿವಿಗೆ ಬಿದ್ದಿತು. ಆದರೆ ಪಂಚಾಮೃತದ ದಿನ ಬಾಯಿ ತೆಗೆದು ಸುಮ್ಮನಾದವರು ಮತ್ತೆ ತೆಗೆಯುವುದು ಯಾಕೆಂದು ಅವರು ಸೆರಗು ಸರಿಮಾಡಿಕೊಂಡು ಕೂತರು.

ಗಾಡಿ ಹುಮನಾಬಾದ್ ರಸ್ತೆಗೆ ಬಿದ್ದಿತು. ದೀಪವಿಲ್ಲದೆ, ಬಾಣದ ಹಾಗೆ ಓಡಿತು. ಹಿಂದೆ ಕೂತವರ ದುಪಟ್ಟಾ ಹಾರಿದವು, ಟೋಪಿ ಹಾರಿದವು. ಒಬ್ಬರ ಮುಖದಲ್ಲೂ ಕಳೆಯಿಲ್ಲ. ಸಾವಿನ ಮನೆಗೆ ಹೊರಟವರ ಹಾಗೆ ಎಲ್ಲರೂ ಕೂತಿದ್ದರು. ಫಕ್ರುದ್ದೀನ್ ಮುಂದಿನ ಸೀಟಿನಲ್ಲಿ ಮಗನ ಪಕ್ಕ ಕೂತು ಫಲಕವನ್ನೇ ನೋಡುತ್ತ ದುವಾ ಹೇಳುತ್ತಿದ್ದರು. ಹಿಂದೆ ಮುಕ್ತಾಬಾಯಿ ವಿಷ್ಣುವಿನ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಎರಡು ಭಾಷೆಯಲ್ಲಿ ಎರಡು ದಿಕ್ಕಿನಿಂದ ಒಂದೇ ಬೇಡಿಕೆ ಹೋಗುತ್ತಿತ್ತು: ದೀಪ ಹತ್ತಲಿ. ಅಷ್ಟು ಜನ ಅಷ್ಟು ಶುದ್ಧ ಮನಸ್ಸಿನಿಂದ ಬೇಡಿದರೆ ಮೇಲಿನವನು ತಾನೇ ಏನು ಮಾಡಿಯಾನು?

ಊರ ಹೊರಗಿನ ಒಂದು ರಸ್ತೆ ಉಬ್ಬನ್ನು ಗಾಡಿ ಧಡ್ ಎಂದು ಹಾರಿತು. ದೀಪ ಹತ್ತಿತು.

"ಹತ್ತಿತು!" ಎಂದು ರಾಯರು ಸ್ಟೇರಿಂಗ್ ಬಿಟ್ಟು ಕೈ ಮುಗಿದರು.

"ಮಾಶಾಅಲ್ಲಾ! ಬತ್ತಿ ಆಗಯೀ!" ಎಂದು ಹಲೀಮಾಬಿ ಕೂಗಿದರು. ತೊಟ್ಟಿಯಲ್ಲಿ ಚಪ್ಪಾಳೆ ಬಿದ್ದವು. ಯಾರೋ ಖರ್ಜೂರ ಹಂಚಿದರು. ಅದೇ ಗಳಿಗೆಯಲ್ಲಿ ಗಾಡಿ ಉಸಿರು ಬಿಟ್ಟು ಎತ್ತಿನ ಬಂಡಿಯ ನಡಿಗೆಗೆ ಇಳಿಯಿತು. ಸಂಭ್ರಮದಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಮೊದಲು ಗಮನಿಸಿದವನು ಸೈಕಲ್ಲಿನ ಮೇಲೆ ಮೇವಿನ ಹೊರೆ ಹೊತ್ತು ಬಂದ ಒಬ್ಬ ರೈತ. ಅವನು ಗಾಡಿಯ ಪಕ್ಕಕ್ಕೆ ಬಂದು, ಒಂದಿಷ್ಟು ದೂರ ಜೊತೆಯಲ್ಲೇ ತುಳಿದು, ಮದುಮಗನ ಸೆಹರಾ ನೋಡಿ, "ಯಾವೂರಿಗ್ರಿ?" ಎಂದು ವಿಚಾರಿಸಿದ.

"ಕಮಲಾಪುರಕ್ಕ."

"ನಾನೂ ಆ ಕಡೀಕೇ. ಹೇಳಿ ಕಳಸೂದಿದ್ರ ಹೇಳ್ರಿ, ಮುಂದ ಹೋಗಿ ಮುಟ್ಟಸ್ತೀನಿ" ಎಂದು ಅವನು ಮುಂದೆ ಹೋದ.

ಫಕ್ರುದ್ದೀನರ ಮುಖದ ನಗು ಆಗ ಮೊದಲ ಬಾರಿ ಇಳಿಯಿತು. "ವಾಸುದೇವ ಭಾಯಿ, ಸ್ವಲ್ಪ ಒತ್ತ್ರಿ."

"ಪೂರ್ತಿ ಒತ್ತೀನಿ ಫಕ್ರುದ್ದೀನ್. ದೀಪ ಹತ್ತಿದಾಗ ಗಾಡಿ ಮರ್ಯಾದಿಲೇ ಹೋಗ್ತದ" ಎಂದು ರಾಯರು ಎಡಗಾಲಿನಿಂದ ಬಲಗಾಲನ್ನು ಉಜ್ಜಿಕೊಂಡರು. ಬೆಳಗಿನಿಂದ ಅವರ ಬಲಗಾಲು ವಿಪರೀತ ತುರಿಸುತ್ತಿತ್ತು.

ಅಷ್ಟರಲ್ಲಿ ಫಕ್ರುದ್ದೀನರ ಮೊಬೈಲ್ ಕೂಗಿತು. ನಬಿಸಾಬರ ದನಿ ಗಾಡಿಯಲ್ಲೆಲ್ಲ ಕೇಳಿಸುವಷ್ಟು ದೊಡ್ಡದು.

"ಎಲ್ಲಿದ್ದೀರಿ?"

"ಮಹಾಗಾಂವ ಕ್ರಾಸ್ ಹತ್ರ ಬರಾಕತ್ತೀವಿ ಭಾಯಿಸಾಬ್. ಚಿಂತಿ ಬ್ಯಾಡ. ಹಳದಿ ದೀಪ ಹತ್ಯಾದ!"

"ಹಳದಿ? ನನ್ನ ಸರ್ವಿಸಿನ್ಯಾಗ ಹಳದಿ ದೀಪ ಅಂದ್ರ ನಿಧಾನ ಅಂತ ಅರ್ಥ ಫಕ್ರುದ್ದೀನ್! ಮುಂದಿನ ಸಿಗ್ನಲ್ ಕೆಂಪು ಇರ್ತದ!"

ಫಕ್ರುದ್ದೀನ್ ಫೋನಿಗೆ ಕೈ ಮುಚ್ಚಿ ರಾಯರ ಕಡೆ ತಿರುಗಿದರು. "ಹಳದಿ ಅಂದ್ರ ನಿಧಾನ ಅಂತಾರಲಾ?"

"ರೈಲಿಂದು ಬ್ಯಾರೆ, ರೋಡಿಂದು ಬ್ಯಾರೆ" ಎಂದರು ರಾಯರು. ಆದರೆ ಅವರ ದನಿಯಲ್ಲಿ ಮೊದಲಿನ ಕಬ್ಬಿಣ ಇರಲಿಲ್ಲ.

ಒಂದು ಸಣ್ಣ ಹಳ್ಳಿ ಬಂತು. ಅಷ್ಟು ನಿಧಾನವಾಗಿ, ಅಷ್ಟು ಹೂವು ಹೊತ್ತು, ಅಷ್ಟು ಜನ ದೇವರ ಹೆಸರು ಹೇಳುತ್ತ ಒಂದು ಗಾಡಿ ಹೋದರೆ ಹಳ್ಳಿಯವರು ಏನೆಂದು ತಿಳಿಯಬೇಕು? ಹೆಂಗಸರು ಬಿಂದಿಗೆ ತಂದು ಗಾಲಿಗೆ ನೀರು ಹಾಕಿದರು. ಒಬ್ಬ ಮುದುಕ ಊದುಬತ್ತಿ ಹಚ್ಚಿ, "ಯಾವ ಮಹಾತ್ಮರ ಮೆರವಣಿಗಿರೀ?" ಎಂದು ಕೇಳಿದ. ಯಾರೋ ಡೋಲು ತಂದರು. ಸೆಹರಾದ ಹಿಂದೆ ಗುಲಾಮ್ ರಸೂಲ್, "ನಾ ಮಹಾತ್ಮ ಅಲ್ಲ ಯಪ್ಪಾ, ನನಗ ಲಗ್ನ ಅದ" ಎಂದ. ಡೋಲಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಒಂದು ಮಗುವನ್ನು ಎತ್ತಿ ತಂದು ಅವನ ಕೈಯಿಂದ ತಲೆ ಮುಟ್ಟಿಸಿಕೊಂಡು ಹೋದರು.

ಮಹಾಗಾಂವ ಕ್ರಾಸ್ ದಾಟಿದ ಮೇಲೆ ಒಂದು ಏರು. ಗಾಡಿ ಏರಿನ ಅರ್ಧಕ್ಕೆ ಹೋಗಿ, ಇಷ್ಟೇ ನನ್ನ ಕೈಲಾಗುವುದು ಎಂಬಂತೆ ನಿಂತಿತು. ಎಲ್ಲರೂ ಇಳಿದು ನೂಕಿದರು. ಮದುಮಗನೂ ಶೇರ್ವಾನಿ ಎತ್ತಿ ಕಟ್ಟಿ ನೂಕಿದ. ಸೆಹರಾದ ಹೂವು ಉದುರಿ ರಸ್ತೆಗೆ ಹಾಸಿದವು. ಗಾಡಿ ಮಾತ್ರ ಸರಿಯಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬಂದ ಒಬ್ಬ ಯುವಕ ನಿಂತು, "ಮದುಮಗನ್ನ ನಾ ಒಯ್ಯಲೇನ್ರಿ?" ಎಂದ.

"ನನ್ನ ಮೊಮ್ಮಗ ಹಾಲಿನ ಕ್ಯಾನ್ ಜೋಡಿ ನಿಕಾಹಕ್ಕ ಹೋಗ್ತಾನ?" ಹಲೀಮಾಬಿ ಕಣ್ಣು ಬಿಟ್ಟರು. "ಅವನೊಬ್ಬ ಹೋಗಿ ಏನ್ ಮಾಡ್ತಾನ? ಅಪ್ಪ ಇಲ್ಲ, ಸಾಕ್ಷಿ ಹೇಳೂ ಗವಾಹ ಇಲ್ಲ, ಮದುಮಗಳ ಸೀರಿ-ಸಾಮಾನೆಲ್ಲಾ ಇಲ್ಲೇ ಅದ!"

ಫಕ್ರುದ್ದೀನ್ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಅವರು ಬೈಯಲಿಲ್ಲ. ಬೈದಿದ್ದರೆ ರಾಯರಿಗೆ ಎಷ್ಟೋ ಹಗುರಾಗುತ್ತಿತ್ತು. "ವಾಸುದೇವ ಭಾಯಿ," ಎಂದರು ಮೆಲ್ಲಗೆ, "ಹುಡುಗ ಆ ಹುಡುಗೀನ ಒಪ್ಪ್ಯಾನ. ಹುಡುಗಿನೂ ಇವನ್ನ ಒಪ್ಪ್ಯಾಳ. ನಡುವ ಇರೂದು ಈ ಏರು ಒಂದ. ಏನರ ಮಾಡ್ರಿ. ನಿಮಗ ಸೆನ್ಸರ್ ಗೊತ್ತದಲಾ."

ಎಲ್ಲರೂ ರಾಯರ ಕಡೆ ನೋಡಿದರು. ರಾಯರು ಟೆಸ್ಟರ್ ತೆಗೆದರು. ಬಾನೆಟ್ ಎತ್ತಿಸಿ ಬ್ಯಾಟರಿಗೆ ಮುಟ್ಟಿಸಿದರು, ಟೆಸ್ಟರ್ ಹೊಳೆಯಲಿಲ್ಲ. ಇನ್ನೊಂದು ಕಡೆ ಮುಟ್ಟಿಸಿದರು, ಹೊಳೆಯಲಿಲ್ಲ. ಮನೆಯ ಕರೆಂಟಿಗೆ ಹೊಳೆಯುವ ಟೆಸ್ಟರ್ ಬ್ಯಾಟರಿಗೆ ಹೊಳೆಯುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರೂ ಯಾರನ್ನೂ ಕೇಳಿರಲಿಲ್ಲ. ರಾಯರು ಬೆವರು ಒರೆಸಿಕೊಂಡು ಘೋಷಿಸಿದರು:

"ಗಾಡಿಯೊಳಗ ಕರೆಂಟೇ ಇಲ್ಲ!"

ಅದೇ ಹೊತ್ತಿಗೆ ದಣಿದ ಮದುಮಗ ಒಳಗೆ ಒರಗಿದ. ಅವನ ಮೊಣಕೈ ಸ್ಟೇರಿಂಗಿಗೆ ತಾಗಿ, ಹಾರ್ನ್ ಪೋಂ ಎಂದು ಕಿವಿ ಕಿತ್ತುಹೋಗುವ ಹಾಗೆ ಕೂಗಿತು. ಹಳದಿ ದೀಪ ಒಳಗೆ ದೇದೀಪ್ಯಮಾನವಾಗಿ ಉರಿಯುತ್ತಿತ್ತು.

ರಾಯರು ಒಂಟಿಗಾಲಲ್ಲಿ ನಿಂತು ಬಲಗಾಲನ್ನು ಉಜ್ಜಿಕೊಂಡರು.

"ಏನ್ರೀ, ಕಾಲು ಯಾಕ ಕೆರಕೋತೀರಿ ಮುಂಜಾನಿಂದ?" ಸಾವಿತ್ರೀಬಾಯಿಯ ದನಿ.

"ಹೊಸಾ ಚಪ್ಪಲಿ ಕಡದಾವ."

"ಬಲಗಾಲಿಗಷ್ಟೇ ಹೊಸಾ ಚಪ್ಪಲಿ ಹಾಕೀರೇನು?"

ರಾಯರು ಕೆಳಗೆ ನೋಡಿಕೊಂಡರು. ಸಾವಿತ್ರೀಬಾಯಿ ಇಳಕಲ್ಲ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಬಾಗಿಲು ತೆಗೆದು, ಚಾಲಕನ ಸೀಟಿನ ಕೆಳಗೆ ತಲೆ ತೂರಿಸಿದರು. ಬರಾತಿನ ಮುಂದೆ ಮನೆಯ ಹೆಣ್ಣುಮಗಳು ಹೀಗೆ ಗಾಡಿಯೊಳಗೆ ತಲೆಕೆಳಗಾದದ್ದನ್ನು ಕಂಡು ರಾಯರು, "ಅದು ಕಂಪನಿಯವರ ತಗೀಬೇಕು, ಮುಟ್ಟಬ್ಯಾಡ" ಎಂದರು.

ಒಳಗಿನಿಂದ ಉತ್ತರ ಬಂತು: "ಪಂಚಾಮೃತ ಕಂಪನಿಯವ್ರು ಹಾಕಿದ್ರೇನು?"

ಆಮೇಲೆ ಸಾವಿತ್ರೀಬಾಯಿ ಹೊರಬಂದು ಎಲ್ಲರಿಗೂ ತೋರಿಸಿದರು. ಪೆಡಲಿನ ಬೆನ್ನಿನಿಂದ ವಾಯರಿನ ಗುಂಟ ಒಂದು ಕೆಂಪು ಸಾಲು. ಇರುವೆ. ಕೆಲವು ಮೇಲಕ್ಕೆ ಹೋಗುತ್ತಿದ್ದವು, ಕೆಲವು ಮೊಟ್ಟೆ ಹೊತ್ತು ಬರುತ್ತಿದ್ದವು.

"ಮಳಿ ಮೋಡ ಆದ್ರ ಇವು ಒಣಾ ಜಾಗಾ ಹುಡಕ್ತಾವ. ಒಣಾ ಜಾಗಾದಾಗ ಸಿಹಿನೂ ಸಿಕ್ಕರ ಸಂಸಾರ ಕಟಗೊಂಡ ಬರ್ತಾವ. ನನ್ನ ಬೆಲ್ಲದ ಡಬ್ಬಿಗೆ ಬರೂ ಹಂಗ. ಆ ಟೈ ಕಟ್ಟಿದ ಹುಡುಗ ಪೆಡಲಿನ ಸೆನ್ಸರ್ ಅಂದಿದ್ದ, ಯಾರೂ ಕೇಳಲಿಲ್ಲ. ಮೊದಲ ಕೀಲಿ ತಗೀರಿ."

ರಾಯರು ಕೀಲಿ ತೆಗೆದರು. ಸಾವಿತ್ರೀಬಾಯಿ ತಲೆಯಿಂದ ಹೇರ್‌ಪಿನ್ ತೆಗೆದು, ವಾಯರಿನ ಪ್ಲಗ್ಗಿನ ಕೊಂಡಿ ಎತ್ತಿ, ಎಳೆದರು. ಒಳಗೆ ಕಂದು ಬಣ್ಣದ ಅಂಟು. ಅಂಟಿನಲ್ಲಿ ಸತ್ತ ಇರುವೆಗಳು, ಕಲ್ಲುಸಕ್ಕರೆಯಲ್ಲಿ ಹುದುಗಿದ ಏಲಕ್ಕಿಯ ಹಾಗೆ.

ಎಲ್ಲರೂ ಮುಕ್ತಾಬಾಯಿಯ ಕಡೆ ತಿರುಗಿದರು. ಕಾಕು ಬಗ್ಗಿ ನೋಡಿ, ಸೊಂಟಕ್ಕೆ ಕೈ ಕೊಟ್ಟು ನಿಂತರು. "ನೋಡ್ರಿ! ಜೇನು ಅಸಲಿ ಇತ್ತು ಅಂತ ನಾ ಹೇಳಿದಾಗ ಯಾರೂ ನಂಬಲಿಲ್ಲ. ಈಗ ಇರುವೀನ ಬಂದು ಸಾಕ್ಷಿ ಹೇಳ್ಯಾವ."

"ಚಹಾ ಅದ, ಬಿಸಿ ಅದ, ಇದರಿಂದ ತೊಳೀರಿ!" ಎಂದು ಹಲೀಮಾಬಿ ಫ್ಲಾಸ್ಕ್ ಚಾಚಿದರು.

"ಬ್ಯಾಡ ಹಲೀಮಾಬಿ, ಸಕ್ಕರಿ ಅದ!"

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕುಡಿಯುವ ನೀರಿನ ಕೊಡ ಬಂತು. ಅತ್ತರು ಹಚ್ಚುವ ಕಡ್ಡಿಗೆ ಸುತ್ತಿದ ಹತ್ತಿ, ಇನ್ನೂ ಅತ್ತರು ಕಾಣದ್ದು, ಮದುವೆಯ ಪೆಟ್ಟಿಗೆಯಿಂದ ಬಂತು. ಹಾಲಿನ ಯುವಕ ಬೈಕಿನ ನಳಿಗೆ ಬಿಚ್ಚಿ ಒಂದು ಮುಚ್ಚಳ ಪೆಟ್ರೋಲ್ ಕೊಟ್ಟ. ಸಾವಿತ್ರೀಬಾಯಿ ಮೊದಲು ನೀರಿನಿಂದ ಸಿಹಿ ಕರಗಿಸಿ, ಒರೆಸಿ, ಪೆಟ್ರೋಲ್ ಅದ್ದಿದ ಹತ್ತಿಯಿಂದ ಒಳಗಿನ ಒಂದೊಂದೇ ಹಿತ್ತಾಳೆಯ ಮೊಳೆಯನ್ನು ದೇವರ ಮೂರ್ತಿಯ ಕಿವಿ ಒರೆಸುವಂತೆ ಒರೆಸಿದರು. "ಇನ್ನ ಪೂರಾ ಆರಬೇಕು" ಎಂದರು. ಅಷ್ಟೇ ಸಾಕಾಯಿತು. ದುಪಟ್ಟಾ, ಸೆರಗು, ಟೋಪಿ, ಬೀಸಣಿಗೆ, ಗಾದಿಯ ಗಲೀಫು, ಸಿಕ್ಕಿದ್ದನ್ನೆಲ್ಲ ಹಿಡಿದು ಇಡೀ ಬರಾತ್ ಒಂದು ಬೆರಳುದ್ದದ ಪ್ಲಗ್ಗಿಗೆ ಗಾಳಿ ಹಾಕಿತು. ಮದುಮಗ ಸೆಹರಾ ಎತ್ತಿ ಬಾಯಿಂದ ಊದಿದ.

ಪ್ಲಗ್ ಚಟ್ ಎಂದು ಕೂತಿತು. ರಾಯರು ಕೀಲಿ ತಿರುಗಿಸಿದರು. ದೀಪ ಹತ್ತಿತು. ಆರಿಸಿ ಮತ್ತೆ ತಿರುಗಿಸಿದರು. ಇಂಜಿನ್ ಗುರುಗುಟ್ಟಿತು. ದೀಪ ಒಮ್ಮೆ ಮಿಣುಕಿ ನಂದಿಹೋಯಿತು.

"ಅಯ್ಯೋ!" ಎಂದಿತು ಬರಾತ್. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ.

ರಾಯರು ಹೆಂಡತಿಯ ಮುಖ ನೋಡಿದರು. "ಆರಿತಲ್ಲ, ಸಾವಿತ್ರೀ."

"ಆರಲಿ. ಓಡಸ್ರಿ."

ಓಡಿಸಿದರು. ಏರು ಹಿಂದೆ ಬಿತ್ತು, ಹೊಲ ಹಿಂದೆ ಬಿದ್ದವು, ಮೇವಿನ ಸೈಕಲ್ಲಿನ ರೈತ ಹಿಂದೆ ಬಿದ್ದು ಕೈ ಬೀಸಿದ. ಆಕಾಶದಲ್ಲಿ ಮೊದಲ ಗುಡುಗು ಉರುಳಿತು. ತೊಟ್ಟಿಯಲ್ಲಿ ಹಲೀಮಾಬಿ ಮುಕ್ತಾಬಾಯಿಯ ಕೈ ಹಿಡಿದು, "ಅಕ್ಕಾ, ಜೋರು! ಇನ್ನೂ ಜೋರು!" ಎಂದು ಕಿರುಚುತ್ತಿದ್ದರು, ಕಾಕು ದೇವರ ಹೆಸರುಗಳನ್ನು ಗಾಡಿಯ ವೇಗಕ್ಕೆ ಸರಿಯಾಗಿ ಹೇಳಲಾರದೆ ನಡುನಡುವೆ ಬಿಡುತ್ತಿದ್ದರು. ಫೋನ್ ಮತ್ತೆ ಕೂಗಿತು. "ಖಾಜಿಸಾಬ್ರು ಎದ್ದು ನಿಂತಾರ!" ಎಂದಿತು. "ಕೂಡ್ರಸ್ರಿ!" ಎಂದು ಈ ಕಡೆಯಿಂದ ಇಡೀ ಗಾಡಿ ಕೂಗಿತು.

ಕಮಲಾಪುರದ ಮಸೀದಿಯ ಎದುರು ಖಾಜಿಸಾಬರ ಒಂದು ಕಾಲು ಜೀಪಿನೊಳಗಿತ್ತು. ನಬಿಸಾಬ್ ಕೈಗಡಿಯಾರ ಮುಖದ ಮಟ್ಟಕ್ಕೆ ಹಿಡಿದು ರಸ್ತೆಯ ನಡುವೆ ನಿಂತಿದ್ದರು. ಪಿಕಪ್ ಅವರ ಎದೆಯ ಹತ್ತಿರ ಬಂದು ನಿಂತಿತು. ಅವರು ಗಡಿಯಾರ ನೋಡಿದರು, ಮಸೀದಿಯ ಕಡೆ ನೋಡಿದರು, ಗಡಿಯಾರ ಮತ್ತೆ ನೋಡಿದರು. ಆಮೇಲೆ ಹಳೆಯ ನೌಕರಿಯ ಗತ್ತಿನಲ್ಲಿ ಬಲಗೈ ಮೇಲೆತ್ತಿ ಬೀಸಿ, "ರೈಟ್!" ಎಂದರು. ಖಾಜಿಸಾಬರು ಕಾಲು ಹೊರಗೆ ತೆಗೆದರು.

ಉಳಿದಿದ್ದ ನಾಲ್ಕು ಎಳೆ ಮಲ್ಲಿಗೆಯ ಹಿಂದಿನಿಂದ ಗುಲಾಮ್ ರಸೂಲ್ "ಕಬೂಲ್" ಎಂದದ್ದು ಬೀದಿಯ ತುದಿಗೆ ಕೇಳಿತು. ಕೇಳಿದ ಸಲಕ್ಕಿಂತ ಒಂದು ಸಲ ಹೆಚ್ಚಿಗೇ ಅಂದನಂತೆ. ಜೋಹರಿನ ಅಜಾನ್ ಆಮೇಲೆ ಆಯಿತು. ಮಳೆ ಅದರ ಹಿಂದೆಯೇ ಬಂತು.

ಚಪ್ಪರದ ಕೆಳಗೆ ನಬಿಸಾಬ್ ಗುಲಾಬಿಯ ದಪ್ಪ ಹಾರ ತರಿಸಿದರು. "ಬೀಗರಿಗೆ ಎಲ್ಲಾರೂ ಹಾರ ಹಾಕ್ತಾರ. ಹಾದ್ಯಾಗ ಕೆಟ್ಟ ಗಾಡೀನ ಹಾದ್ಯಾಗ ರಿಪೇರಿ ಮಾಡಿ ಟೈಮಿಗೆ ತಂದವ್ರಿಗೆ ನಾ ಹಾಕ್ತೀನಿ" ಎಂದು ರಾಯರ ಕೊರಳಿಗೆ ಹಾಕಿದರು. ಊರ ಹಿರಿಯರು ಸುತ್ತ ಸೇರಿದರು. "ಏನ್ ಆಗಿತ್ರಿ ಗಾಡಿಗೆ?" ಎಂದು ಒಬ್ಬರು ಕೇಳಿದರು. ರಾಯರ ಕೈ ತಾನಾಗಿ ಟೆಸ್ಟರಿಗೆ ಹೋಯಿತು. ಗಂಟಲು ಸರಿ ಮಾಡಿಕೊಂಡು, "ಸೆನ್ಸರ್ ಅಂತ ಒಂದಿರ್ತದ..." ಎಂದು ಶುರು ಮಾಡಿದರು. ಫಕ್ರುದ್ದೀನ್ ಪಕ್ಕದಲ್ಲೇ ನಿಂತಿದ್ದರು. ಗೆಳೆಯನ ಮಾನ ಗೆಳೆಯನ ಕೈಯಲ್ಲೇ ಇರಲಿ ಎಂದು ಬೇರೆ ಕಡೆ ನೋಡಿದರು. ಅದನ್ನು ರಾಯರು ಕಂಡರು. ಅವರ ಮಾತು ಅಲ್ಲಿಗೇ ನಿಂತಿತು.

"ಅದರ ಕಥಿ ನನಗ ಪೂರಾ ಗೊತ್ತಿಲ್ಲರೀ" ಎಂದರು. ಈ ಮಾತು ಅವರ ಬಾಯಿಂದ ಹೊರಬಿದ್ದದ್ದು ಇದೇ ಮೊದಲು. ಹೇಳಿದ ಮೇಲೆ ಆಕಾಶವೇನೂ ಬೀಳಲಿಲ್ಲ.

ಹಿತ್ತಲಿನ ಪಡಸಾಲೆಯಲ್ಲಿ ಬ್ರಾಹ್ಮಣ ಹೆಣ್ಣುಮಕ್ಕಳಿಗೆಂದು ಬೇರೆ ಚಾಪೆ ಹಾಸಿ, ಕೆಂಪು ಬಾಳೆಹಣ್ಣು, ಕೇಸರಿ ಹಾಲು ಇಟ್ಟಿದ್ದರು. ಮುಕ್ತಾಬಾಯಿ ಹಣ್ಣು ಸುಲಿಯುತ್ತ ಅಸಲಿ ಜೇನಿನ ಗುರುತುಗಳನ್ನು ಊರ ಹೆಂಗಸರಿಗೆ ವಿವರಿಸುತ್ತಿದ್ದರು. ಸಾವಿತ್ರೀಬಾಯಿ ಗೋಡೆಗೆ ಒರಗಿ ಮಳೆ ನೋಡುತ್ತಿದ್ದರು. ಬೆರಳ ತುದಿಯಲ್ಲಿ ಇನ್ನೂ ಪೆಟ್ರೋಲಿನ ವಾಸನೆ ಇತ್ತು.

ವಾಸುದೇವರಾಯರು ಬಂದು ಪಕ್ಕದಲ್ಲಿ ಕೂತರು. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳದೆಯೇ, ಕೊರಳ ಹಾರವನ್ನು ಎರಡು ಕೈಯಿಂದ ತೆಗೆದು, ಎಸಳು ಉದುರದ ಹಾಗೆ ಮಡಚಿ, ಹೆಂಡತಿಯ ಉಡಿಯಲ್ಲಿ ಇಟ್ಟರು.